ಎದೆಯ ಮೇಲಿನ ಕೈ

ಹೆಣ್ಣು ಕೇಳಲು ಬಂದ ಬದವಿ ಎದೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಅಂಗೈಯಲ್ಲಿ ಅಯಸ್ಕಾಂತವಿತ್ತು. ಎದೆಯ ಚರ್ಮದಡಿ, ಫಿಟ್ಸ್ ತಡೆಯಲೆಂದು ಡಾಕ್ಟರು ಹುದುಗಿಸಿದ ಪುಟ್ಟ ಯಂತ್ರ. ಅದು ಆಗಾಗ ಕತ್ತಿನ ನರಕ್ಕೆ ಸಣ್ಣಗೆ ಕರೆಂಟು ಬಿಡುತ್ತಿತ್ತು. ಅಷ್ಟು ಹೊತ್ತು ಬದವಿಯ ದನಿ ಒಡೆದು, ಬಾವಿಯ ತಳದಿಂದ ಯಾರೋ ಮುದುಕ ಮಾತಾಡಿದಂತೆ ಬರುತ್ತಿತ್ತು. ಅಯಸ್ಕಾಂತ ಒತ್ತಿ ಹಿಡಿದರೆ ಯಂತ್ರ ಸುಮ್ಮನಿರುತ್ತಿತ್ತು. ಫಿಟ್ಸ್ ಎಂದು ತಿಳಿದರೆ ನವಾಲಳನ್ನು ಯಾರು ಕೊಡುತ್ತಾರೆ? ಪಾಪ, ಅವಳಿಲ್ಲದೆ ಬದುಕುವುದು ಅವನಿಂದಾಗದು.

ಆದರೆ ಕೈರೋದಲ್ಲಿ ಎದೆಯ ಮೇಲೆ ಕೈಯಿಟ್ಟರೆ "ಸಾಕು, ಬೇಡ" ಎಂದೇ ಅರ್ಥ.

ನವಾಲಳ ತಾಯಿ ತಫೀದಾ ರವೆಯ ಸಿಹಿ ಬಸ್ಬೂಸಾ ತಂದಳು. ಕೈ ಎದೆಯ ಮೇಲೆ. ಬೆಳಗಿನಿಂದ ಇಲ್ಲೇ ಬೀಡು ಬಿಟ್ಟಿದ್ದ ಪಕ್ಕದ ಮನೆಯ ಉಮ್ಮ್ ಗಲಾಲ್ ಮೂಗು ಮುರಿದಳು. ಸಂಬಂಧ ಒಪ್ಪಿದ ಗುರುತಿನ ಶರಬತ್ತು ಬಂತು. ಆಗಲೂ ಕೈ ಎದೆಯ ಮೇಲೆಯೇ.

"ನೋಡೇ ತಫೀದಾ, ನಿನ್ ಮನೆ ನೀರೂ ಬೇಡ್ವಂತೆ. ಹುಡುಗಿ ಮಾತ್ರ ಬೇಕಂತೆ!"

ಪರದೆಯ ಹಿಂದೆ ನವಾಲಳ ಕಣ್ಣು ತುಂಬಿತು. ಬದವಿ ಗಾಬರಿಯಿಂದ ಕೈ ತೆಗೆದು ಲೋಟಕ್ಕೆ ಚಾಚಿದ.

"ಕೊಡಿ ಚಿಕ್ಕಮ್ಮಾ, ಕುಡೀತೀನಿ."

ದನಿ ಬಾವಿಯಿಂದ ಬಂತು. ತಫೀದಾಳ ಕೈಯ ತಟ್ಟೆ ನೆಲಕ್ಕೆ ಬಿತ್ತು. ಅವಳು ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. ತಂಬಾಕು ಸೇದಿ ಸೇದಿ ಗಂಟಲು ಸುಟ್ಟುಕೊಂಡು ಸತ್ತ ಕಸಾಯಿ ಮಹ್ರೂಸ್. ಬದವಿ ಕಂಡೇ ಇರದ ಮನುಷ್ಯ.

"ಮಹ್ರೂಸ್... ನೀವೇನಾ?"

"ಮಾತಾಡ್ಸೇ, ಹೋಗ್ಬಿಡ್ತಾರೆ!" ಎಂದ ಉಮ್ಮ್ ಗಲಾಲ್ ಆಗಲೇ ಧೂಪ ಹಚ್ಚಿದ್ದಳು. ದೆವ್ವ ಕುಣಿಸುವ ಝಾರ್ ಎಲ್ಲೇ ನಡೆದರೂ ತಪ್ಪಿಸದ ಹೆಂಗಸು ಅವಳು.

ಬದವಿಗೆ ಬುದ್ಧಿ ಓಡಿತು. ಅದೇ ದನಿಯಲ್ಲಿ ಅಂದ: "ತಫೀದಾ, ಮಗಳನ್ನ ಈ ಹುಡುಗನಿಗೆ ಕೊಡು."

"ಹೆಂಗ್ ಕೊಡ್ಲಿ? ನೀವು ಅವನೊಳಗೆ ಕೂತಿದ್ರೆ ಅವನು ಅವಳಿಗೆ ಅಪ್ಪನೇ ಆಗೋದ್ನಲ್ರೀ!"

ಅಷ್ಟರಲ್ಲಿ ದನಿ ಸರಿಹೋಗಿತ್ತು. ಬದವಿ ಅಳುತ್ತಲೇ ಎಲ್ಲ ಒಪ್ಪಿಕೊಂಡ: ಫಿಟ್ಸು, ಯಂತ್ರ, ಅಯಸ್ಕಾಂತ, ಈಗಷ್ಟೇ ಆಡಿದ ಸುಳ್ಳು. ಅಂಗಿ ಸರಿಸಿ ಗಾಯದ ಗುರುತನ್ನೂ ತೋರಿಸಿದ.

ತಫೀದಾ ನಿಟ್ಟುಸಿರು ಬಿಟ್ಟಳು. "ಇಷ್ಟೇನಾ? ನನ್ ತಮ್ಮನಿಗೂ ಫಿಟ್ಸ್ ಬರ್ತಿತ್ತಪ್ಪಾ, ಮೊಮ್ಮಕ್ಕಳನ್ನ ಕಂಡ. ಅದಕ್ಕೆ ಇಷ್ಟು ನಾಟಕ ಯಾಕೆ ಬೇಕಿತ್ತು ಮಾರಾಯಾ? ಕೊಟ್ಟೆ ಹುಡುಗೀನ, ತಗೋ."

ಬದವಿಗೆ ಹಾಲು ಕುಡಿದಷ್ಟು ಸಂತೋಷವಾಯಿತು; ಅವಳು ಮತ್ತೆ ತಂದ ಶರಬತ್ತನ್ನು ಗಟಗಟ ಕುಡಿದ. ಪರದೆಯ ಹಿಂದೆ ಬಳೆ ಸದ್ದಾಯಿತು.

"ಎಲ್ಲಿ, ಒತ್ತಿ ಹಿಡಿ. ಆ ದನಿ ಬರಲ್ಲ ತಾನೆ? ನಾನೂ ನೋಡ್ತೀನಿ" ಎಂದಳು ಉಮ್ಮ್ ಗಲಾಲ್.

ಬದವಿ ಅಯಸ್ಕಾಂತವನ್ನು ಎದೆಗೆ ಬಲವಾಗಿ ಒತ್ತಿದ. ಯಂತ್ರ ಸುಮ್ಮನಿತ್ತು, ಗಂಟಲು ಹಗುರವಾಗಿತ್ತು. ಥ್ಯಾಂಕ್ಸ್ ಹೇಳಲೆಂದು ಬಾಯಿ ತೆರೆದ. ಜನ್ಮದಲ್ಲಿ ಸೇದದ ತಂಬಾಕಿನ ಕಹಿ ನಾಲಗೆಗೆ ಬಂತು.

"ನನ್ ಬಾತುಕೋಳಿ," ಎಂದಿತು ಬಾವಿಯ ದನಿ, "ಇವತ್ತೂ ಶರಬತ್ತಿಗೆ ಸಕ್ಕರೆ ಕಮ್ಮಿ."

ಹಾಗೆ ಕರೆಯುತ್ತಿದ್ದುದು ಗಂಡನೊಬ್ಬನೇ, ಅದೂ ಬಾಗಿಲು ಹಾಕಿಕೊಂಡ ಮೇಲೆ. ತಫೀದಾ ನಾಚಿ, ತಲೆವಸ್ತ್ರ ಸರಿಮಾಡಿಕೊಂಡು, ಸಕ್ಕರೆ ತರಲು ಅಡುಗೆಮನೆಗೆ ಓಡಿದಳು.

ಬದವಿಯ ಕೈ ಇನ್ನೂ ಎದೆಯ ಮೇಲೇ ಇತ್ತು. ಪರದೆ ಸರಿಸಿ ನವಾಲ್ ಮೆಲ್ಲಗೆ ಬಂದಳು, ಆ ಕೈಯನ್ನು ಬಿಡಿಸಿ ಬಗ್ಗಿ ಮುತ್ತಿಟ್ಟಳು.

"ಅಪ್ಪಾ," ಎಂದಳು, "ಊಟ ಮಾಡಿದ್ರಾ?"