ಕಾಕಾನ ಟವೆಲ್ ಕಂಡ ಊರುಗಳು

ನಮ್ಮ ಕಾಕಾನಿಗಿಂತ ಅವನ ಟವೆಲ್ ಹೆಚ್ಚು ಊರು ನೋಡಿದೆ! ನಗಬೇಡಿ, ಖರೆ ಹೇಳುತ್ತಿದ್ದೇನೆ.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಶಿರಹಟ್ಟಿಯ ಬಸ್ ಸ್ಟ್ಯಾಂಡಿನ ಎದುರಿಗೇ ಅವನ ಹೊಲಿಗೆ ಅಂಗಡಿ. ದಿನವಿಡೀ ಬಸ್ಸು ನೋಡುತ್ತ ಕೂಡುವವನು ಬಸ್ಸು ಮಾತ್ರ ಹತ್ತುತ್ತಿರಲಿಲ್ಲ. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸಿ ವಾಂತಿ! ಹರೆಯದಲ್ಲಿ ಒಮ್ಮೆ ಲಕ್ಷ್ಮೇಶ್ವರಕ್ಕೆ ಹೆಣ್ಣು ನೋಡಲು ಹೊರಟವನು ಬಸ್ಸಿನಲ್ಲಿ ಪಕ್ಕದ ಹಿರಿಯರ ಧೋತರದ ಮೇಲೆ ಕಾರಿಕೊಂಡನಂತೆ. ಇಳಿದು ವಿಚಾರಿಸಿದರೆ ಅವರೇ ಹುಡುಗಿಯ ತಂದೆ! ಅಲ್ಲಿಗೆ ಮದುವೆಯೂ ಮುಗಿಯಿತು, ಬಸ್ಸಿನ ಋಣವೂ ಹರಿಯಿತು. ಕಾಕಾ ಲಕ್ಷ್ಮೇಶ್ವರದಿಂದ ನಡೆದೇ ಊರು ಸೇರಿದ.

ಇಂಥವನು ನಮ್ಮೂರ ವಿದ್ಯಾರ್ಥಿಗಳಿಗೆಲ್ಲ ಪ್ರಯಾಣದ ಸಲಹೆಗಾರ ಅಂದರೆ ನಂಬುತ್ತೀರಾ? ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಡ್ರೈವರ್ ಚಹಾಕ್ಕೆ ಎಲ್ಲಿ ನಿಲ್ಲಿಸುತ್ತಾನೆ, ಎಲ್ಲ ಬಾಯಿಪಾಠ. ಎಪ್ಪತ್ತರ ದಶಕದ ಕೊನೆಗೆ ನಾನು ಗದಗಿನ ಕಾಲೇಜಿಗೆ ಸೇರುತ್ತೇನೆಂದು ಹಟ ಹಿಡಿದಾಗ ಅಪ್ಪ ಒಂದೇ ಷರತ್ತು ಹಾಕಿದ.

"ಗಂಡಸರ ನಡುವ ನಿಂತು ಹೋಗಾಕ ನಾ ಒಪ್ಪೂದಿಲ್ಲ. ಸೀಟ್ ಸಿಕ್ಕ ದಿನ ಕಾಲೇಜು. ಸಿಗದ ದಿನ ಮನಿ."

ಮುಂಜಾನೆಯ ಬಸ್ಸು ಲಕ್ಷ್ಮೇಶ್ವರದಲ್ಲೇ ಅರ್ಧ ತುಂಬಿ ಬರುತ್ತಿತ್ತು. ಉಳಿದ ಅರ್ಧಕ್ಕೆ ಇಡೀ ಶಿರಹಟ್ಟಿ ಕಾದಿರುತ್ತಿತ್ತು. ನನ್ನ ಓದು ಆ ಸೀಟಿಗೆ ಜೋತುಬಿದ್ದಿತು. ಕಾಕಾ ಮೂರು ದಿನ ತಲೆ ಕೆಡಿಸಿಕೊಂಡು ದಾರಿಯೊಂದನ್ನು ಕಂಡುಹಿಡಿದ.

"ಬಸ್ಸಿನ ಜಂಜಾಟನ ಬ್ಯಾಡ. ಗುಡಗೇರಿ ಠೇಸನ್ನಿಗೆ ಹೋಗಿ ರೈಲು ಹತ್ತೂದು, ಹುಬ್ಬಳ್ಳ್ಯಾಗ ಇಳಿದು ಗದಗಿನ ರೈಲು ಹಿಡಿಯೂದು. ಹಾದಿ ತುಂಬ ಆರಾಮ ಸೀಟು!"

"ಗದಗ ಮುಟ್ಟೂದು ಯಾವಾಗೋ?" ಅಪ್ಪ ಕೇಳಿದ.

"ಸಂಜಿಗೆ."

"ಕಾಲೇಜು ಮುಂಜಾನೆ ಐತಲ್ಲೋ ಶಾಣ್ಯಾ!"

"ಮರುದಿನದ ಕಾಲೇಜಿಗೆ ಎಲ್ಲಾರಕಿಂತ ಮೊದಲ ಇರ್ತಾಳ!"

ಕೊನೆಗೆ ಉಳಿದದ್ದು ಟವೆಲ್. ನಮ್ಮ ಕಡೆ ಟವೆಲ್ಲೇ ರಿಜರ್ವೇಶನ್. ಕಿಟಕಿಯಿಂದ ಯಾರ ಟವೆಲ್ ಮೊದಲು ಬೀಳುತ್ತದೋ ಸೀಟು ಅವರದು. ಕಾಕಾ ಒಂದು ಬಿಳಿ ಟವೆಲ್ಲಿಗೆ ಕೆಂಪು ದಾರದ ಅಂಚು ಹೊಲಿದ. ಬಸ್ಸು ಬಂದೊಡನೆ ಎಡಗೈಯಿಂದ ಮೂಗು ಹಿಡಿದು, ಉಸಿರು ಕಟ್ಟಿ, ಅದರ ಜೊತೆಗೇ ಓಡಿ ಟವೆಲ್ ಬೀಸಿ ಒಗೆಯುತ್ತಿದ್ದ. ನಾನು ಗಾಂಭೀರ್ಯದಿಂದ ಹತ್ತಿ ಕುಳಿತು, ಟವೆಲ್ಲನ್ನು ಕಿಟಕಿಯಿಂದ ವಾಪಸ್ಸು ಕೊಡುತ್ತಿದ್ದೆ. ಅವನು ದೂರ ನಿಂತು ಉಸಿರು ಬಿಡುತ್ತಿದ್ದ.

ಒಂದು ದಿನ ಮೂಗಿನ ಜೊತೆ ಕಣ್ಣನ್ನೂ ಮುಚ್ಚಿಕೊಂಡನೋ ಏನೋ, ಟವೆಲ್ ಪಕ್ಕದ ಮುಂಡರಗಿ ಬಸ್ಸಿಗೆ ಬಿತ್ತು! ಬಸ್ಸು ಹೊರಟೇಹೋಯಿತು. ಮರುದಿನ ಕಂಡಕ್ಟರ್ ತಂದುಕೊಟ್ಟ.

"ಟೇಲರ್ ಸಾಹೇಬ್ರ, ಮುಂಡರಗಿ ಮಟಾ ಆ ಸೀಟಿನ್ಯಾಗ ಯಾರೂ ಕುಂಡ್ರಲಿಲ್ರಿ. ಮಂದಿ ನಿಂತು ಬಂದ್ರು, ನಿಮ್ಮ ಟವೆಲ್ ಕುಂತು ಬಂತು!"

ಊರೆಲ್ಲ ನಕ್ಕಿತು. ಆದರೆ ಹಿಂದಿನ ದಿನ ಸೀಟಿಲ್ಲದೆ ನಾನು ಮನೆಯಲ್ಲಿ ಉಳಿದಿದ್ದೆ. ಆ ಮಧ್ಯಾಹ್ನ ಕಾಕಾ ಊಟಕ್ಕೆ ಬಂದಿರಲಿಲ್ಲ.

ಹೀಗೆ ಟವೆಲ್ಲಿನ ಬಲದಿಂದ ಕೊನೆಯ ವರ್ಷದ ಪರೀಕ್ಷೆಯವರೆಗೂ ಬಂದೆ. ಪರೀಕ್ಷೆಯ ದಿನವೇ ಬಸ್ಸಿಗೆ ಎಲ್ಲಿ ಏನಾಯಿತೋ, ಬರಲೇ ಇಲ್ಲ! ಅಪ್ಪ ಗಡಿಯಾರ ನೋಡುತ್ತಿದ್ದ, ನಾನು ಅಪ್ಪನ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಗದಗಿಗೆ ಹೊರಟ ಹತ್ತಿಯ ಲಾರಿ ಬಂತು. ಕಾಕಾ ಕೈ ಅಡ್ಡ ಹಿಡಿದು ನಿಲ್ಲಿಸಿದವನೇ ರೂಢಿಯಂತೆ ಟವೆಲ್ ಒಗೆದ. ಅದು ಡ್ರೈವರನ ತೊಡೆಯ ಮೇಲೆ ಬಿತ್ತು.

"ಇದು ನನ್ನ ಸೀಟ್ ರೀ! ನಾ ಎಲ್ಲಿ ಕುಂಡ್ರಲಿ?"

"ಲಾರ್‍ಯಾಗ ಒಬ್ಬಾಕಿನ್ನ ಕಳಸೂದಿಲ್ಲ," ಎಂದು ಅಪ್ಪ ಅನ್ನುವಷ್ಟರಲ್ಲಿ ಕಾಕಾ ಹತ್ತಿ ಕುಳಿತಾಗಿತ್ತು. ನಾನೂ ಪುಸ್ತಕ ಹಿಡಿದು ಅವನ ಪಕ್ಕ ಹತ್ತಿದೆ.

ಗದಗ ಮುಟ್ಟುವವರೆಗೆ ಅವನು ಪಟ್ಟ ಪಾಡು ಬರೆಯಲಾರೆ. ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು, ನಡುವೆ ಒಂದು ಗಳಿಗೆ ಬಿಡುವು ಸಿಕ್ಕಾಗ, "ನೀ ಪುಸ್ತಕ ನೋಡಲೇ, ನನ್ನ ಏನ್ ನೋಡ್ತಿ?" ಎಂದು ಗದರಿಸಿದ. ಕಾಲೇಜಿನ ಮುಂದೆ ಇಳಿದಾಗ ಗಂಟೆ ಹೊಡೆಯುತ್ತಿತ್ತು.

ಪರೀಕ್ಷೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ. ಶಿರಹಟ್ಟಿಯ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕ ಒಂದೇ ಒಂದು ಸೀಟು ಖಾಲಿ. ಅದರ ಮೇಲೆ ಕೆಂಪು ಅಂಚಿನ ಟವೆಲ್! ಒಗೆದು ಹಿಂಡಿದ್ದು, ಇನ್ನೂ ಹಸಿಯಾಗಿತ್ತು.

"ನಿಮ್ಮ ಕಾಕಾ ಇಟ್ಟು ಹೋಗ್ಯಾರ, ತಂಗಿ," ಎಂದ ಕಂಡಕ್ಟರ್.

"ಅವರೆಲ್ಲೆದಾರ್ರಿ?"

"ಆಗಲೇ ಹೋದ್ರಲ್ಲ, ನಡಕೋತ."

ದಾರಿಯಲ್ಲಿ ನಾಗಾವಿಯ ಹತ್ತಿರ ಬಿಸಿಲಲ್ಲಿ ಅವನು ಕಂಡ. ಬರಿಗೈ, ಬರಿ ಹೆಗಲು, ಬಸ್ಸಿನ ಸದ್ದಿಗೆ ಆಗಲೇ ಮೂಗು ಹಿಡಿದುಕೊಂಡಿದ್ದ. ನಾನು ಕೂಗಿ ಬಸ್ಸು ನಿಲ್ಲಿಸಿ, ಎದ್ದು ಕಿಟಕಿಯಿಂದ ಬಾಗಿದೆ. "ಕಾಕಾ, ನಾನೂ ಇಳೀತೀನಿ, ಕೂಡೇ ನಡಕೋತ ಹೋಗೂಣು!"

ಅವನು ಸಿಟ್ಟಿನಿಂದ ಕೈ ಬೀಸಿದ.

"ಯಾಕ ಎದ್ದೀಲೇ? ಸೀಟ್ ಹೋದೀತು, ಕುಂಡ್ರು!"

ನಾನು ಕುಳಿತೆ. ಆ ಹಸಿ ಟವೆಲ್ಲನ್ನು ತೊಡೆಯ ಮೇಲೆ ಹಿಡಿದುಕೊಂಡು ಶಿರಹಟ್ಟಿಯವರೆಗೂ ಅತ್ತೆ.