ಒಂದೆಲೆಯೂ ಉದುರಿಲ್ಲ

ಹೆಂಡತಿ: ಇದು ನನ್ನ ಮರ ಅಲ್ಲ ರೀ.

ಗಂಡ: ಒಳಗೆ ಕಾಲಿಟ್ಟಿಲ್ಲ, ಆಗ್ಲೇ ಶುರು ಮಾಡಿದ್ಯಾ! ನಿಂದಲ್ದೆ ಇನ್ಯಾರ್ದು? ಕುಂಡ ನೋಡು.

ಹೆಂಡತಿ: ಕುಂಡ ನಂದೇ. ನಾನು ಕೇಳ್ತಿರೋದು ಅದರೊಳಗಿರೋದನ್ನ.

(ಮಗಳ ಮನೆಯಲ್ಲಿ ಎರಡು ತಿಂಗಳಿದ್ದು ಬಂದವಳು ಬಾಗಿಲ ಮೆಟ್ಟಿಲ ಪಕ್ಕದ ಕುಂಡದ ಮುಂದೆ ನಿಂತಿದ್ದಾಳೆ, ಸೂಟ್‌ಕೇಸನ್ನೂ ಕೆಳಗಿಟ್ಟಿಲ್ಲ. ಬೀಜ ಹಾಕಿ ತಾನೇ ಬೆಳೆಸಿದ ಮುಳ್ಳಿನ ಹೂಮರವನ್ನು ಗಂಡನ ಕೈಗೊಪ್ಪಿಸಿ ಹೋಗಿದ್ದಳು. ಗಂಡ ವಿಮೆ ಏಜೆಂಟ್, ಮಾತಿಗೇನೂ ಬರವಿಲ್ಲ.)

ಗಂಡ: ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದೀನಿ. ಒಂದೆಲೆ ಉದುರಿದ್ರೆ ಕೇಳು!

ಹೆಂಡತಿ: ಒಂದೂ ಉದುರಿಲ್ವಾ?

ಗಂಡ: ಒಂದೇ ಒಂದೂ ಇಲ್ಲ!

ಹೆಂಡತಿ: ಹೂಂ. ನನ್ನ ಮರದ ಎಲೆ ಪುಟ್ಟ ಪುಟ್ಟದು, ಕಡ್ಡಿಯ ಎರಡೂ ಕಡೆ ಸಾಲಾಗಿರ್ತಿತ್ತು. ಇದು ಬೆರಳುದ್ದ ಇದೆ.

ಗಂಡ: ಗೊಬ್ಬರ ಹಾಕಿದ್ನಲ್ಲೇ. ಮೈ ತುಂಬ್ಕೊಂಡಿದೆ.

ಹೆಂಡತಿ: ಮುಳ್ಳು ಜೋಡಿ ಜೋಡಿಯಾಗಿರ್ತಿತ್ತು. ಇದ್ರಲ್ಲಿ ಒಂದೊಂದೇ ಇದೆ.

ಗಂಡ: ನೀನಿಲ್ದೆ ಅದಕ್ಕೂ ಒಂಟಿ ಅನ್ನಿಸಿರ್ಬೇಕು. ನನ್ನೇ ನೋಡು, ಎಷ್ಟು ಸೊರಗಿದೀನಿ!

(ಹೆಂಡತಿ ಅವನ ಹೊಟ್ಟೆಯ ಕಡೆ ಒಮ್ಮೆ ನೋಡಿದಳು. ಒಂದೆಲೆ ಕಿತ್ತು, ಹಿಸುಕಿ, ಅವನ ಮೂಗಿಗೆ ಹಿಡಿದಳು.)

ಹೆಂಡತಿ: ಯಾವುದರ ವಾಸನೆ ಇದು? ನಿಂಬೇದಲ್ವಾ?

ಗಂಡ: ಸ್ವಲ್ಪ... ಆ ಕಡೇದೇ.

ಹೆಂಡತಿ: ನಿಂಬೆ ಗಿಡ ನೆಟ್ಟು ನನಗೇ ಟೋಪಿ ಹಾಕ್ತೀರಾ? ನನ್ನ ಮರ ಎಲ್ಲಿ?

(ಏಜೆಂಟನ ಮುಖ ಇಳಿದುಹೋಯಿತು.)

ಗಂಡ: ಹೋಯ್ತು ಕಣೇ. ನೀನು ಆ ಕಡೆ ಹೋದೆ, ಈ ಕಡೆ ಎಲೆಯೆಲ್ಲ ಹಳದಿಯಾಗಿ ಬಿದ್ದುಹೋಯ್ತು. ಬರೀ ಬೋಳು ಕಡ್ಡಿ. ನಿನ್ನ ಮುಖ ನೆನೆಸ್ಕೊಂಡು ಊಟ ಸೇರ್ಲಿಲ್ಲ. ಮುಳ್ಳಿರೋದು ಯಾವುದಾದ್ರೂ ಕೊಡಪ್ಪಾ ಅಂತ ನರ್ಸರಿಯವನ ಹತ್ರ ಹೋದೆ...

ಹೆಂಡತಿ: ಅದನ್ನ ಎಸೆದ್ಬಿಟ್ರಾ?



ಗಂಡ: ಎಸೆಯೋಕೆ ಹೋದೆ, ಮುಳ್ಳು ನನ್ನ ಅಂಗಿ ಬಿಡ್ಬೇಕಲ್ಲ! ಮಣ್ಣಿನ ಸಮೇತ ಹಳೇ ಬಕೆಟ್‌ಗೆ ಹಾಕಿ ಹಿತ್ತಲಲ್ಲಿ ನೀರಿನ ಟ್ಯಾಂಕ್ ಹಿಂದೆ ಇಟ್ಟಿದೀನಿ.

(ಸೂಟ್‌ಕೇಸ್ ಅಲ್ಲೇ ಬಿತ್ತು. ಆಕೆ ಹಿತ್ತಲಿಗೆ ಓಡಿದಳು, ಹಿಂದೆಯೇ ಗಂಡ. ಆಕೆ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಚ್ಚ ಹಸಿರು.)

ಹೆಂಡತಿ: ನೋಡಿ, ಜೀವ ಇದೆ! ವಿಮೆಯವರಾಗಿ, ಸತ್ತಿದೆ ಅನ್ನೋಕೆ ಮುಂಚೆ ಒಂದ್ಸಲ ಪರೀಕ್ಷೆ ಮಾಡ್ಬಾರ್ದಾ? ಪ್ರತಿ ಚಳಿಗಾಲಕ್ಕೂ ಇದು ಎಲೆ ಉದುರ್ಸುತ್ತೆ ರೀ. ಬಿಸಿಲು ಏರಿದ್ರೆ ಮತ್ತೆ ಚಿಗುರುತ್ತೆ.

ಗಂಡ: ಸುಮ್ನಿರು! ಇಷ್ಟು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡ್ತಿದೀನಿ. ಮೆಟ್ಟಿಲ ಮೇಲೆ ಒಂದೆಲೆ ಬಿದ್ದಿದ್ದು ನೋಡಿಲ್ಲ. ನಾನೇನು ಕುರುಡನಾ?

ಹೆಂಡತಿ: ಹೇಗೆ ನೋಡ್ತೀರಿ? ನೀವು ಏಳೋ ಹೊತ್ತಿಗೆ ನಾನು ಗುಡಿಸಿ ಮುಗಿಸಿರ್ತಿದ್ದೆ.