ಮುಚ್ಚಿದ ಬಾಗಿಲಿನ ದೀಪ

ಸ್ಕ್ರೂಡ್ರೈವರ್ ಕೈಗೆ ಬಂದ ಕೂಡಲೇ ಕೆಲವರಿಗೆ ತಮ್ಮ ಮೇಲೆ ಎಲ್ಲಿಲ್ಲದ ಗೌರವ ಹುಟ್ಟಿಬಿಡುತ್ತದೆ. ನಾನೂ ಆ ಪೈಕಿ. ಪುಣೆಯ ಕಚೇರಿಯೊಂದರಲ್ಲಿ ದಿನವಿಡೀ ಕಡತ ಕಟ್ಟುವ ನನಗೆ, ಸಂಜೆ ಮನೆಗೆ ಬಂದು ಯಾವುದಾದರೊಂದು ಸ್ಕ್ರೂ ತಿರುಗಿಸದಿದ್ದರೆ ಊಟ ಸೇರುವುದಿಲ್ಲ. ತಿರುಗಿಸಿದರೆ ಹೆಂಡತಿಗೆ ಸೇರುವುದಿಲ್ಲ. ನಮ್ಮ ಮಿಕ್ಸರ್ ಹೋದದ್ದು ಹೀಗೆ. ಇಸ್ತ್ರಿಪೆಟ್ಟಿಗೆಯ ವಿಷಯ ಬೇಡ.

ನನ್ನ ಈ ಗುಣಕ್ಕೆ ಮನ್ನಣೆ ಕೊಡದವರೆಂದರೆ ಮಾವನವರು. ರೈಲ್ವೆಯಿಂದ ನಿವೃತ್ತರಾಗಿ ಪುಣೆಗೆ ಹತ್ತಿರದ ದೌಂಡದಲ್ಲೇ ನೆಲೆಸಿದ್ದ ಅವರು ನೆಂಟರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದ ರೀತಿಯೇ ಬೇರೆ: "ನಮ್ಮ ಅಳಿಯಂದಿರು ಭಾಳ ಶಾಣ್ಯಾರ್ರಿ. ಗ್ವಾಡಿಗೆ ಒಂದ್ ಮೊಳಿ ಬಡಿಯಾಕ ಮಾತ್ರ ಬರೂದಿಲ್ಲ." ಇದು ನನ್ನನ್ನು ಒಳಗೊಳಗೇ ಚುಚ್ಚುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಹಳೆಯ ಕಾರೊಂದನ್ನು ಕೊಂಡು, ಅವರನ್ನು ನಾಲ್ಕು ದಿನ ಪುಣೆಗೆ ಕರೆತರುವುದೆಂದು ನಿಶ್ಚಯವಾದಾಗ, ಏನಾದರೂ ಮಾಡಿ ಒಂದು 'ಭೇಷ್' ಅನ್ನಿಸಿಕೊಳ್ಳಲೇಬೇಕೆಂದು ಹಟ ತೊಟ್ಟೆ.

ಆ ಕಾರಿನ ಒಳಗಿನ ದೀಪವನ್ನು ಕೈಯಿಂದಲೇ ಹಚ್ಚಬೇಕಿತ್ತು. ಬಾಗಿಲು ತೆರೆದರೆ ತಾನೇ ಹತ್ತುವಂತೆ ಮಾಡುವುದು ನನ್ನ ಯೋಜನೆ. ಹೊರಡುವ ಹಿಂದಿನ ದಿನ ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ ಮನೆಯ ಕರೆಗಂಟೆಗೆ ಹಾಕುವ ಗುಂಡಿಯೊಂದನ್ನು ಕೊಂಡು, ನನ್ನ ಕಡೆಯ ಬಾಗಿಲಿನ ಚೌಕಟ್ಟಿಗೆ ಗಟ್ಟಿಯಾಗಿ ಅಂಟಿಸಿ, ವೈರು ಎಳೆದು, ಹಳೆಯ ಸ್ವಿಚ್ಚನ್ನು ಕಿತ್ತೆಸೆದೆ. ಬಾಗಿಲು ತೆರೆದೆ. ಕತ್ತಲೆ. ಮುಚ್ಚಿದೆ. ದೀಪ ಝಗ್ಗೆಂದು ಹತ್ತಿತು. ಕರೆಗಂಟೆಯ ಗುಂಡಿ ಕೆಲಸ ಮಾಡುವುದು ಒತ್ತಿದಾಗ, ಬಾಗಿಲು ಅದನ್ನು ಒತ್ತುವುದು ಮುಚ್ಚಿದಾಗ. ಇಷ್ಟು ಯೋಚಿಸುವುದೊಂದು ಬಾಕಿ ಉಳಿದಿತ್ತು.

"ಬಲ್ಬರೆ ತಗದಿಡ್ರಿ," ಎಂದಳು ಹೆಂಡತಿ. ದೀಪವೇ ಇಲ್ಲದ ಕಾರಿನಲ್ಲಿ ಮಾವನವರಿಗೆ ಏನನ್ನು ತೋರಿಸುವುದು? ಬಾಗಿಲನ್ನು ತುಸು ತೆರೆದಿಟ್ಟು ದೀಪ ಆರಿಸಿ ಮಲಗಿದೆ. ನಮ್ಮ ಸೊಸೈಟಿಯ ಕಾವಲುಗಾರ ಬಲು ನಿಷ್ಠಾವಂತ. ತೆರೆದ ಬಾಗಿಲನ್ನು ತಾನೇ ಮುಚ್ಚಿದ್ದಾಗಿ ಬೆಳಿಗ್ಗೆ ಮರಾಠಿಯಲ್ಲಿ ಹೆಮ್ಮೆಯಿಂದ ವರದಿ ಒಪ್ಪಿಸಿದ. ಬ್ಯಾಟರಿ ಸತ್ತು ಮಲಗಿತ್ತು. ಅದಕ್ಕೆ ಜೀವ ತುಂಬಿಸಿಕೊಂಡು ನಾನೂ ಹೆಂಡತಿಯೂ ದೌಂಡ ಮುಟ್ಟುವಷ್ಟರಲ್ಲಿ ಸಂಜೆಯಾಯಿತು.

ಮಾವನವರನ್ನು ಹಿಂದೆ ಕೂರಿಸಿಕೊಂಡು ಸೋಲಾಪುರ ರಸ್ತೆ ಹಿಡಿದಾಗ ಹೊರಗೆಲ್ಲ ಕತ್ತಲು, ಒಳಗೆ ಮದುವೆಮನೆಯ ಬೆಳಕು. ಕಬ್ಬಿನ ಲಾರಿಯವರು ಬಗ್ಗಿ ಬಗ್ಗಿ ನೋಡಿದರು. "ಫೋಟೋ ಸ್ಟುಡಿಯೋದಾಗ ಕುಂತಂಗ ಆಗೇದ," ಎಂದು ಹೆಂಡತಿ ಸೆರಗು ಸರಿಪಡಿಸಿಕೊಂಡಳು. ನನಗೋ ಗಾಜಿನಲ್ಲಿ ರಸ್ತೆಗಿಂತ ನನ್ನ ಮುಖವೇ ಹೆಚ್ಚು ಕಾಣುತ್ತಿತ್ತು, ಅದೂ ಬೆವರಿತ್ತು. ಹಿಂದಿನ ಸೀಟಿನಿಂದ ಮಾತು ಯಾವಾಗ ಬಂದು ಬೀಳುತ್ತದೋ ಎಂದು ಕಾಯುತ್ತಿದ್ದೆ.

"ಈ ದೀಪದ ಕೆಲಸ ನೀವs ಮಾಡೀರೇನು?" ಕೊನೆಗೂ ಕೇಳಿದರು ಮಾವನವರು.

"ಹೌದ್ರಿ. ಬಾಗಿಲಕ್ಕ ಕೂಡಿಸೀನ್ರಿ," ಎಂದೆ. ಹೇಗೆ ಕೂಡಿಸಿದ್ದೇನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

"ಭೇಷ್! ದೌಂಡದಿಂದ ಇಲ್ಲೀತನಕ ಪೂರಾ ಪೇಪರ್ ಓದಿದೆ ನೋಡ್ರಿ. ನಮ್ಮ ಮನೀ ಕಪಾಟಿಗೂ ಇಂಥಾದೊಂದು ಕೂಡಿಸಿಕೊಡ್ರಿ. ಮುಂಜಾನೆ ಕತ್ತಲದಾಗ ಧೋತರ ಹುಡುಕಿ ಸಾಕಾಗೇದ."

ಮದುವೆಯಾದಂದಿನಿಂದ ಕಾದಿದ್ದ ಮಾತು ಅದು. ನನಗೆ ನಿಜಕ್ಕೂ ಬಹಳ ಸಂತೋಷವಾಯಿತು. ಹೆಂಡತಿ ಮಾತ್ರ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದಳು: "ಕಪಾಟು ಮುಚ್ಚಿದ ಮ್ಯಾಲೆ ಒಳಗ ಧೋತರ ಪೇಪರ್ ಓದತಾವೇನ್ರಿ?"

ಅಷ್ಟರಲ್ಲಿ ನಾನು "ಅದಕ್ಕೇನ್ರಿ, ಮಾಡೂಣು" ಎಂದಾಗಿತ್ತು. ಈ ಸಲ ಗುಂಡಿಯನ್ನು ತಲೆಕೆಳಗಾಗಿ ಅಂಟಿಸಿದರೆ ಸರಿಹೋಗುತ್ತದೆ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.